ಮರೆಹೊಕ್ಕವನಿಗಾಗಿ ಮಡಿದ ರಾಜ್ಯ

ಸಾಣಾಪುರದ ಕೆರೆಯಲ್ಲಿ ಹರಿಗೋಲು ಹತ್ತಿದವರ ಕಣ್ಣಿಗೆ ಎತ್ತ ತಿರುಗಿದರೂ ಬಂಡೆಗಳೇ. ಫೋಟೊ ತೆಗೆಸಿಕೊಳ್ಳಲು ಇದಕ್ಕಿಂತ ಚಂದದ ಜಾಗ ಬೇಕಿಲ್ಲ, ನಿಜ. ಆದರೆ ಏಳುನೂರು ವರ್ಷಗಳ ಹಿಂದೆ ಈ ಸೀಮೆಯ ಬಂಡೆಗಳನ್ನೇ ಕೋಟೆಗೋಡೆ ಮಾಡಿಕೊಂಡು ಒಂದು ಪುಟ್ಟ ಕನ್ನಡ ರಾಜ್ಯ ದಿಲ್ಲಿಯ ದಂಡಿಗೆ ಎದೆಯೊಡ್ಡಿತ್ತು. ಅದು ಕಂಪಿಲಿ. ಹಂಪಿಯ ವೈಭವ ಹಾಡಿ ಹೊಗಳುವ ನಾವು ಅದಕ್ಕೂ ಮೊದಲು ಇದೇ ಹೊಳೆಯ ದಂಡೆಯಲ್ಲಿ ಬಾಳಿ ಉರಿದುಹೋದ ಈ ರಾಜ್ಯಕ್ಕೆ ಶಾಲೆಯ ಪುಸ್ತಕದಲ್ಲಿ ನಾಲ್ಕು ಸಾಲು ಕೊಟ್ಟರೆ ಹೆಚ್ಚು.

ದೇವಗಿರಿಯ ಸೇವುಣರ ಕೆಳಗೆ ನಾಯಕನಾಗಿದ್ದ ಮುಮ್ಮಡಿ ಸಿಂಗ ಕಟ್ಟಿದ ನೆಲೆ ಇದು. ದೇವಗಿರಿ ಖಿಲ್ಜಿಗಳ ಕೈಸೇರಿದ ಮೇಲೆ ಅವನ ಮಗ ಕಂಪಿಲರಾಯ ಯಾರಿಗೂ ತಲೆಬಾಗದೆ ಆಳತೊಡಗಿದ. ತುಂಗಭದ್ರೆಯ ದಡದ ಕಂಪ್ಲಿ ಅವನ ಊರು. ಗಂಗಾವತಿ ಸೀಮೆಯ ಕುಮ್ಮಟದುರ್ಗ ಅವನ ಗಟ್ಟಿ ಕೋಟೆ. ದಕ್ಷಿಣಕ್ಕೆ ಹೊಯ್ಸಳ ಮೂರನೆಯ ಬಲ್ಲಾಳನ ಜೊತೆ ಜಗಳ, ಉತ್ತರಕ್ಕೆ ದಿಲ್ಲಿಯ ಭಯ. ಇಂಥ ಇಕ್ಕಟ್ಟಿನಲ್ಲಿದ್ದವನ ಬಾಗಿಲಿಗೆ ಒಂದು ದಿನ ಬಹಾವುದ್ದೀನ್ ಗುರ್ಶಾಸ್ಪ್ ಬಂದು ನಿಂತ.

ಗುರ್ಶಾಸ್ಪ್ ಬೇರೆ ಯಾರೂ ಅಲ್ಲ, ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ಸೋದರತ್ತೆಯ ಮಗ. ಇಂದಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದು ದಂಗೆ ಎದ್ದ, ಸೋತ, ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಕಂಪಿಲಿಗೆ ಓಡಿಬಂದ. ಹಿಡಿದುಕೊಟ್ಟಿದ್ದರೆ ಕಂಪಿಲರಾಯನ ರಾಜ್ಯ ಇನ್ನಷ್ಟು ವರ್ಷ ಉಳಿಯುತ್ತಿತ್ತೇನೋ. ಅವನು ಕೊಡಲಿಲ್ಲ. ಧರ್ಮ ಬೇರೆ, ಭಾಷೆ ಬೇರೆ, ನಿನ್ನೆಯವರೆಗೆ ಶತ್ರುವಿನ ಪಾಳಯದಲ್ಲಿದ್ದವನು. ಆದರೂ ಮರೆಹೊಕ್ಕವನು. ಈ ಯುದ್ಧವನ್ನು ಎರಡು ಮತಗಳ ಕಾಳಗವೆಂದು ಹೇಳುವವರು ಈ ಒಂದು ಸಂಗತಿಯನ್ನು ಮರೆಯಬಾರದು.

1327ರ ಸುಮಾರಿಗೆ ದಂಡು ಬಂತು. ಕುಮ್ಮಟದ ಕೆಳಗೆ ಎರಡು ಸಲ ಸೋತು ಹಿಂದಿರುಗಿತೆಂದು ಬಹಮನಿ ಆಸ್ಥಾನದಲ್ಲಿದ್ದ ಇಸಾಮಿಯೇ ಬರೆಯುತ್ತಾನೆ. ಮೂರನೆಯ ಸಲ ಕುಮ್ಮಟ ಬಿತ್ತು. ಕಂಪಿಲರಾಯ ಹೊಸದುರ್ಗಕ್ಕೆ ಸರಿದ. ಆ ದುರ್ಗ ಸಾಣಾಪುರದ ನೆರೆಯ ಆನೆಗೊಂದಿಯೇ ಎಂಬುದು ಹಲವು ಇತಿಹಾಸಕಾರರ ಅಭಿಪ್ರಾಯ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಕೂಡ ಕೊನೆಯ ಮುತ್ತಿಗೆಯನ್ನು ಆನೆಗೊಂದಿಯ ಆಸುಪಾಸಿನಲ್ಲೇ ಇಟ್ಟು ಹೇಳುತ್ತಾನೆ.

ಮುಂದಿನದನ್ನು ಹೇಳುವವನು ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ. ಕೋಟೆಯೊಳಗೆ ಕಾಳು ಮುಗಿಯಿತು. ರಾಯ ಗುರ್ಶಾಸ್ಪನನ್ನು ಕರೆದು, ನಾನು ಸಾಯಲು ನಿಂತಿದ್ದೇನೆ, ನೀನು ಇನ್ನೊಬ್ಬ ಅರಸನಲ್ಲಿಗೆ ಹೋಗು ಎಂದು ಜೊತೆಗೆ ಆಳು ಕೊಟ್ಟು ಕಳಿಸಿದ. ಆಮೇಲೆ ದೊಡ್ಡ ಬೆಂಕಿ ಹಾಕಿಸಿದ. ಅಂತಃಪುರದ ಹೆಂಗಸರು ಮಿಂದು, ಮೈಗೆ ಗಂಧ ಪೂಸಿಕೊಂಡು, ಅವನ ಮುಂದೆ ನೆಲ ಮುಟ್ಟಿ ಒಬ್ಬೊಬ್ಬರಾಗಿ ಬೆಂಕಿಗೆ ಹಾರಿದರು. ಮಂತ್ರಿ ಸಾಮಂತರ ಮನೆಯವರೂ ಹಾಗೇ ಮಾಡಿದರು. ಗಂಡಸರು ಬಾಗಿಲು ತೆರೆದು ಹೊರಬಿದ್ದು ಕಾದಿ ಸತ್ತರು. ಸೆರೆಸಿಕ್ಕ ಹನ್ನೊಂದು ರಾಜಪುತ್ರರನ್ನು ಮತಾಂತರಿಸಿ ಅಮೀರರನ್ನಾಗಿ ಮಾಡಲಾಯಿತು. ಅವರಲ್ಲಿ ಮೂವರನ್ನು ಬತೂತ ಸುಲ್ತಾನನ ಬಳಿ ಕಣ್ಣಾರೆ ಕಂಡಿದ್ದ. ಇತ್ತ ಆ ಇನ್ನೊಬ್ಬ ಅರಸ, ಹೊಯ್ಸಳ ಬಲ್ಲಾಳ, ಗುರ್ಶಾಸ್ಪನನ್ನು ಹಿಡಿದು ಒಪ್ಪಿಸಿದ. ಸುಲ್ತಾನ ಅವನ ಚರ್ಮ ಸುಲಿಸಿದ. ಬಲ್ಲಾಳನ ರಾಜಧಾನಿ ದ್ವಾರಸಮುದ್ರ ಸದ್ಯಕ್ಕೆ ಬದುಕಿಕೊಂಡಿತು.

ದೊಡ್ಡ ಸಾಮ್ರಾಜ್ಯದ ಮಗ್ಗುಲಲ್ಲಿ ಬಾಳುವ ಸಣ್ಣ ರಾಜ್ಯಗಳ ಪಾಡು ಬಹು ಹಳೆಯದು. ಕ್ರಿ.ಪೂ. 701ರಲ್ಲಿ ಅಸ್ಸೀರಿಯದ ಸೆನ್ನಾಖೆರಿಬ್ ಕಪ್ಪ ನಿಲ್ಲಿಸಿದ ಯೂದಾಯದ ಮೇಲೆ ಬಿದ್ದು, 46 ಕೋಟೆಯೂರುಗಳನ್ನು ಗೆದ್ದೆನೆಂದು ಜೇಡಿಮಣ್ಣಿನ ಶಾಸನದಲ್ಲಿ ಬರೆಸಿದ. ಲಾಖೀಷ್ ಪಟ್ಟಣದ ಮುತ್ತಿಗೆಯನ್ನು ನಿನೆವೆಯ ಅರಮನೆಯ ಗೋಡೆಯ ಮೇಲೆ ಕೆತ್ತಿಸಿದ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಇಂದೂ ಅದು ಕಾಣಸಿಗುತ್ತದೆ: ಗಂಟುಮೂಟೆ ಕಟ್ಟಿಕೊಂಡು ಊರು ಬಿಡುವ ಸಂಸಾರಗಳು, ಶೂಲಕ್ಕೇರಿದ ಸೆರೆಯಾಳುಗಳು, ಸಿಂಹಾಸನದ ಮೇಲೆ ಕೂತು ನೋಡುವ ಅರಸ. ಜೆರುಸಲೇಮ್ ಮಾತ್ರ ಬೀಳಲಿಲ್ಲ. ಅದರ ಅರಸ ಹಿಜ್ಕೀಯ ಹೊನ್ನು ತೆತ್ತು ಉಳಿದುಕೊಂಡ. ಅಲ್ಲಿ ಲಾಖೀಷಿನ ನೋವನ್ನು ಕಲ್ಲಿನಲ್ಲಿ ಉಳಿಸಿದವನು ಗೆದ್ದವನು.

ಕಂಪಿಲಿಯಲ್ಲಿ ಆದದ್ದು ಬೇರೆ. ಇಲ್ಲಿ ಕಥೆ ಉಳಿಸಿದವರು ಸೋತವರ ಕಡೆಯ ಜನ. ರಾಯನ ಮಗ ಕುಮಾರರಾಮ ಬತೂತನ ಬರಹದಲ್ಲಿ ಹೆಸರಿಲ್ಲದವನು. ಕನ್ನಡಿಗರಿಗೆ ಮಾತ್ರ ಪರನಾರೀಸಹೋದರ, ಗಂಡುಗಲಿ. ಹಾವೇರಿ ಬಳಿಯ ಸಂಗೂರಿನ ಶಾಸನ ಅವನನ್ನು ನೆನೆಯುತ್ತದೆ. 16ನೆಯ ಶತಮಾನದ ನಂಜುಂಡ ಕವಿ ಅವನ ಮೇಲೆ ಸಾಂಗತ್ಯವನ್ನೇ ಬರೆದ. ಚೆಂಡು ಹುಡುಕಿ ಬಂದ ಮಲಮಗನಿಗೆ ಮನಸೋತ ರತ್ನಾಜಿ, ಒಲ್ಲೆನೆಂದವನ ಮೇಲೆ ಅವಳು ಹೊರಿಸಿದ ದೂರು, ತಲೆ ತೆಗೆಯೆಂದ ತಂದೆ, ರಾಮನನ್ನು ಬಚ್ಚಿಟ್ಟು ಕಾಪಾಡಿದ ಮಂತ್ರಿ ಬೈಚಪ್ಪ, ದಿಲ್ಲಿಯ ದಂಡು ನಡೆಸಿ ಬಂದ ಮಾತಂಗಿ. ಇದೆಲ್ಲ ನಡೆದದ್ದೇ ಎಂದು ಹೇಳಲಾಗದು. ಆದರೆ ಮಲೆನಾಡಿನ ಊರುಗಳಲ್ಲಿ ಮರದಲ್ಲಿ ಕೆತ್ತಿದ ಕುಮಾರರಾಮನ ತಲೆಗೆ ಪೂಜೆ ನಡೆಯುತ್ತ ಬಂದಿದೆ. ಮಡಿದ ಹುಡುಗನ ತಲೆಯನ್ನು ದಿಲ್ಲಿಗೆ ಒಯ್ದರೆಂಬ ಸಂಕಟವನ್ನು ಜನ ದೇವರನ್ನಾಗಿ ಮಾಡಿಕೊಂಡಿದ್ದಾರೆ. ಇದಕ್ಕಿಂತ ದೊಡ್ಡ ಸ್ಮಾರಕ ಯಾವ ಅರಸನಿಗೆ ಸಿಕ್ಕೀತು!

ಕಂಪಿಲಿ ಬಿದ್ದು ಹತ್ತು ವರ್ಷ ಕಳೆಯುವುದರೊಳಗೆ ದಿಲ್ಲಿಯ ಹಿಡಿತ ಈ ನೆಲದಿಂದ ಜಾರಿತು. 1336ರಲ್ಲಿ ವಿಜಯನಗರ ಹುಟ್ಟಿತೆಂಬುದು ರೂಢಿಯ ಮಾತು. ಹರಿಹರ ಬುಕ್ಕರು ಕಂಪಿಲಿಯ ಸೇವೆಯಲ್ಲಿದ್ದವರೇ ಎಂಬ ವಾದ ಇನ್ನೂ ಮುಗಿದಿಲ್ಲ. ಏನೇ ಇರಲಿ, ಆನೆಗೊಂದಿಯ ಬೂದಿಯ ಮೇಲೆಯೇ ಹಂಪಿ ಎದ್ದಿತೆಂದು ನಾನು ನಂಬುತ್ತೇನೆ.

ಸಾಣಾಪುರಕ್ಕೆ ಬರುವವರಲ್ಲಿ ಒಂದು ಬೇಡಿಕೆ. ಹರಿಗೋಲು ಮುಗಿಸಿ ಆನೆಗೊಂದಿಯ ಕೋಟೆಬಾಗಿಲಿನಲ್ಲಿ ಒಂದಿಷ್ಟು ಹೊತ್ತು ನಿಲ್ಲಿ. ಮರುದಿನ ಜಬ್ಬಲಗುಡ್ಡದ ಕಡೆ ಹೋಗಿ ಕುಮ್ಮಟದುರ್ಗ ಹತ್ತಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಬಂಡೆಗಳ ಮೇಲೆ ಹೆಸರು ಗೀಚಬೇಡಿ. ಅವು ಕಂಪಿಲಿಯ ಕೋಟೆಗೋಡೆಗಳು.