ಸೊಗಾನೆ ಮೇಲೆ ಮೋಡ: ಪೈಲಟ್ ಪರದೆಯಲ್ಲಿ ಏನು ಆರಿಸ್ತಾರೆ?

ಹೋದ ಮಳೆಗಾಲ ಭದ್ರಾವತಿಯಲ್ಲಿ ಸೋದರಮಾವನ ಆಪರೇಷನ್ ಇತ್ತು. ನಾನು ಹತ್ತಿದ ವಿಮಾನ ಸೊಗಾನೆ ಮೇಲೆ ಸುತ್ತು ಹಾಕಿ ವಾಪಸ್ ಬೆಂಗಳೂರಿಗೇ ಬಂತು. "ಜಿಪಿಎಸ್ ಇದೆಯಲ್ಲ, ಇಳಿಸೋಕೇನು ಕಷ್ಟ?" ಅಂತ ಪಕ್ಕದವರು ಗೊಣಗಿದರು. ನಂಗೂ ಹಾಗೇ ಅನ್ನಿಸಿತ್ತು.

ಕಾಕ್‌ಪಿಟ್‌ನಲ್ಲಿ ಪೈಲಟ್ ಮೊದಲು ನಿಲ್ದಾಣ, ಆಮೇಲೆ ರನ್‌ವೇ, ಆಮೇಲೆ ಅಪ್ರೋಚ್ ಆರಿಸ್ತಾರೆ. ಐಎಲ್ಎಸ್ ಅಂದ್ರೆ ನೆಲದ ಆಂಟೆನಾ ಕಳಿಸೋ ರೇಡಿಯೊ ಸಿಗ್ನಲ್ ಹಿಡಿದು ಇಳಿಯೋದು. ಆರ್‌ಎನ್‌ಪಿ ಅಂದ್ರೆ ಉಪಗ್ರಹ ನಂಬಿ ಇಳಿಯೋದು. ಆರಿಸಿದ ಮೇಲೆ ನ್ಯಾವಿಗೇಷನ್ ಡಿಸ್‌ಪ್ಲೇಯಲ್ಲಿ ಚುಕ್ಕಿಗಳ ದಾರಿ ಮೂಡುತ್ತೆ. ಅಷ್ಟಕ್ಕೇ ಮುಗಿಯಲ್ಲ. ಒಂದೊಂದು ಚುಕ್ಕಿಯ ಹೆಸರು, ಎತ್ತರವನ್ನೂ ಚಾರ್ಟ್ ಜೊತೆ ತಾಳೆ ನೋಡಬೇಕು. ತಪ್ಪು ರನ್‌ವೇ ಆರಿಸಿದ್ರೂ ಪರದೆ ಅಷ್ಟೇ ಚೆಂದದ ಗೆರೆ ಎಳೆದು ಕೊಡುತ್ತೆ!

ಇದು ಗೂಗಲ್ ಮ್ಯಾಪ್ ಥರ ಅಲ್ಲ. ಅಧಿಕೃತವಾಗಿ ಪ್ರಕಟವಾದ ಅಪ್ರೋಚ್ ಮಾತ್ರ ಪಟ್ಟಿಯಲ್ಲಿರುತ್ತೆ, ಅದು 28 ದಿನಕ್ಕೊಮ್ಮೆ ಅಪ್‌ಡೇಟ್ ಆಗುತ್ತೆ. ಪ್ರತಿಯೊಂದಕ್ಕೂ ಒಂದು ಕನಿಷ್ಠ ಎತ್ತರ ಇದೆ. ಅಲ್ಲಿಗೆ ಬಂದಾಗ ರನ್‌ವೇನೋ ಅದರ ದೀಪಾನೋ ಕಾಣದಿದ್ರೆ ಮೇಲೇರಲೇಬೇಕು. ಬರೀ ಕಣ್ಣಳತೆಯಲ್ಲಿ ಇಳಿಯೋದಾದ್ರೆ ಸಾಮಾನ್ಯವಾಗಿ 5 ಕಿ.ಮೀ. ಸ್ಪಷ್ಟವಾಗಿ ಕಾಣಬೇಕು. ಮಲೆನಾಡಿನ ಜುಲೈನಲ್ಲಿ ಅದೆಲ್ಲಿ ಬರಬೇಕು?

2023ರ ಆಗಸ್ಟ್ 31ಕ್ಕೆ ಇಲ್ಲಿ ಪ್ರಯಾಣಿಕರ ಮೊದಲ ವಿಮಾನ ಇಳಿದಾಗ ರಾತ್ರಿ ಇಳಿಯೋ ವ್ಯವಸ್ಥೆಯೂ ಇರಲಿಲ್ಲ. ಆದರೆ ಅದಕ್ಕೂ ಮೊದಲೇ, 2022ರ ಏಪ್ರಿಲ್‌ನಲ್ಲಿ, ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರದ ಗಗನ್ ಉಪಗ್ರಹ ವ್ಯವಸ್ಥೆ ಬಳಸಿ ಇಂಡಿಗೋದ ಎಟಿಆರ್ ರಾಜಸ್ಥಾನದ ಕಿಶನ್‌ಗಢದಲ್ಲಿ ಇಳಿದಿತ್ತು. ನಮ್ಮೂರಿಗೆ ಬಂದ ಪ್ರಯಾಣಿಕರ ಮೊದಲ ವಿಮಾನವೂ ಎಟಿಆರ್ರೇ.

ನಾನು? ರಾತ್ರಿ ರೈಲು ಹತ್ತಿದೆ. ಬೆಳಗ್ಗೆ ವಾರ್ಡಿಗೆ ಹೋದ್ರೆ ಮಾವ ಆಗಲೇ ಕಾಫಿ ಕೇಳ್ತಿದ್ದರು.