ಊಟಕ್ಕೆ ಮುನ್ನ ಕಹಿ, ಊಟದ ಮೇಲೆ ಸಿಹಿ

ಉತ್ತರ ಇಟಲಿಯ ಟ್ಯೂರಿನ್ ನಗರದಲ್ಲಿ ಸಂಜೆ ಆರಾಗುತ್ತಿದ್ದಂತೆ ಪಿಯಾಜ್ಜಾ ಕಸ್ತೆಲ್ಲೊ ಚೌಕದ ಸುತ್ತಲಿನ ಕಮಾನು ಸಾಲುಗಳ ಕೆಳಗೆ ಕೆಫೆಯ ಮೇಜುಗಳು ತುಂಬತೊಡಗುತ್ತವೆ. ಕಚೇರಿ ಮುಗಿಸಿದವರು, ಅಂಗಡಿ ಸುತ್ತಿ ದಣಿದವರು, ವಯಸ್ಸಾದ ಗಂಡ ಹೆಂಡತಿ ಎಲ್ಲರೂ ಅಲ್ಲಿರುತ್ತಾರೆ. ಅವರ ಮುಂದೆ ಒಂದೊಂದು ಗಿಡ್ಡ ಲೋಟ. ಅದರಲ್ಲಿ ಕೆಂಗಂದು ಬಣ್ಣದ ಪಾನೀಯ, ಒಂದು ಐಸ್ ತುಂಡು, ಕಿತ್ತಳೆ ಸಿಪ್ಪೆಯ ಚೂರು. ಪಕ್ಕದ ತಟ್ಟೆಯಲ್ಲಿ ಉಪ್ಪುನೀರಿನ ಆಲಿವ್ ಕಾಯಿ, ಚೀಸ್, ಗ್ರಿಸ್ಸಿನಿ ಎಂಬ ಉದ್ದನೆಯ ಗರಿಗರಿ ಬ್ರೆಡ್ ಕಡ್ಡಿಗಳು. ರಾತ್ರಿಯ ಊಟಕ್ಕೆ ಇನ್ನೂ ಎರಡು ತಾಸಾದರೂ ಇದೆ. ಹಸಿವನ್ನು ಎಬ್ಬಿಸುವ ಈ ಹೊತ್ತಿಗೆ ಅಲ್ಲಿ ಅಪೆರಿತಿವೊ ಎಂದು ಹೆಸರು. ಲೋಟದಲ್ಲಿರುವುದು ಟ್ಯೂರಿನ್ನಿನದೇ ಕೂಸಾದ ವರ್ಮೂತ್.

ಇಟಲಿಯ ವೈನ್ ಎಂದರೆ ಊಟದ ಜೊತೆ ಕುಡಿಯುವ ಕೆಂಪು, ಬಿಳಿ ವೈನುಗಳು ನೆನಪಾಗುತ್ತವೆ. ಅದೇ ವೈನಿಗೆ ಇನ್ನೇನನ್ನೋ ಸೇರಿಸಿ ಮಾಡಿದ ಒಂದು ಬಳಗವೂ ಅಲ್ಲಿದೆ. ಬಟ್ಟಿ ಇಳಿಸಿದ ಮದ್ಯಸಾರ ಬೆರೆಸಿ ಕಸುವು ಹೆಚ್ಚಿಸಿದ್ದು ಒಂದು ಬಗೆ. ಸಿಸಿಲಿಯ ಮಾರ್ಸಾಲಾ ಇದರಲ್ಲಿ ದೊಡ್ಡ ಹೆಸರು. ಮದ್ಯಸಾರದ ಜೊತೆಗೆ ಬೇರು, ತೊಗಟೆ, ಎಲೆ, ಹೂವುಗಳ ಸಾರವನ್ನೂ ಸೇರಿಸಿದ್ದು ಇನ್ನೊಂದು ಬಗೆ. ಅದರಲ್ಲಿ ವರ್ಮೂತ್ ಮೊದಲನೆಯದು. ಮಾಮೂಲಿ ವೈನಿನಲ್ಲಿ ಮದ್ಯಸಾರ ಹೆಚ್ಚಾಗಿ ಶೇ 12ರಿಂದ 14ರಷ್ಟಿದ್ದರೆ ಇವುಗಳಲ್ಲಿ ಶೇ 16ರಿಂದ 20ರ ಆಸುಪಾಸು. ಅದಕ್ಕೇ ಲೋಟ ಚಿಕ್ಕದು, ಗುಟುಕು ಇನ್ನೂ ಚಿಕ್ಕದು. ಊಟದ ನಡುವೆ ಇವು ಬರುವುದು ಅಪರೂಪ. ಒಂದು ಊಟಕ್ಕೆ ಬಾಗಿಲು ತೆರೆಯುತ್ತದೆ, ಇನ್ನೊಂದು ಊಟವನ್ನು ಮುಗಿಸಿಕೊಡುತ್ತದೆ. ಈ ವೈನುಗಳ ರುಚಿ ತಿಳಿಯಬೇಕಾದರೆ ಈ ಹೊತ್ತುಗಳನ್ನೇ ಮೊದಲು ತಿಳಿಯಬೇಕು.

ಗ್ರಂಧಿಗೆ ಅಂಗಡಿಯಿಂದ ಕೆಫೆಗೆ

ವೈನಿನಲ್ಲಿ ಮೂಲಿಕೆ ನೆನೆಸಿ ಔಷಧಿಯಾಗಿ ಕುಡಿಯುವ ರೂಢಿ ಯುರೋಪಿನಲ್ಲಿ ಬಹಳ ಹಳೆಯದು. ಅದನ್ನು ಸಂಜೆಯ ಸಂತೋಷವಾಗಿ ಮಾರ್ಪಡಿಸಿದ್ದು ಟ್ಯೂರಿನ್. ಆಲ್ಪ್ಸ್ ಬೆಟ್ಟಗಳ ಬುಡದಲ್ಲಿರುವ ಪಿಯೆಮೊಂಟೆ ಪ್ರಾಂತ್ಯಕ್ಕೆ ಮೇಲಿನಿಂದ ಕಾಡುಮೂಲಿಕೆ ಇಳಿಯುತ್ತಿತ್ತು, ಕೆಳಗಿನ ಬಂದರುಗಳಿಂದ ಏಲಕ್ಕಿ, ಲವಂಗ, ಚಕ್ಕೆ, ಜಾಯಿಕಾಯಿ ಹತ್ತುತ್ತಿದ್ದವು. ಹತ್ತಿರದ ಕನೆಲ್ಲಿ ಗುಡ್ಡಗಳಲ್ಲಿ ಘಮಘಮಿಸುವ ಮಸ್ಕತ್ ದ್ರಾಕ್ಷಿ ಬೆಳೆಯುತ್ತಿತ್ತು. ಊರಿನಲ್ಲಿ ರಾಜನ ಆಸ್ಥಾನವಿತ್ತು. ಬೇಕಾದದ್ದೆಲ್ಲ ಒಂದೆಡೆ ಸೇರಿದ್ದ ಆ ಊರಿನಲ್ಲಿ 1786ರಲ್ಲಿ ಆಂಟೋನಿಯೊ ಬೆನೆಡೆಟ್ಟೊ ಕಾರ್ಪಾನೊ ಎಂಬ ಯುವಕ, ಪಿಯಾಜ್ಜಾ ಕಸ್ತೆಲ್ಲೊದ ಅಂಗಡಿಯೊಂದರಲ್ಲಿ ಬಿಳಿ ಮಸ್ಕತ್ ವೈನಿಗೆ ಮೂಲಿಕೆಗಳ ಸಾರ ಬೆರೆಸಿ ಮಾರತೊಡಗಿದ. ಇಂದಿನ ವರ್ಮೂತಿನ ಚರಿತ್ರೆಯನ್ನು ಅಲ್ಲಿಂದಲೇ ಎಣಿಸುತ್ತಾರೆ.

ಮುಂದಿನ ಶತಮಾನದಲ್ಲಿ ಇದು ಉದ್ಯಮವಾಗಿ ಬೆಳೆಯಿತು. 1757ರಿಂದಲೇ ಟ್ಯೂರಿನ್ನಿನಲ್ಲಿ ಪಾನೀಯ ತಯಾರಿಸುತ್ತಿದ್ದ ಚಿಂಜಾನೊ ಮನೆತನ ವರ್ಮೂತಿಗೂ ಕೈಹಾಕಿತು. 1863ರಲ್ಲಿ ವ್ಯಾಪಾರ ಬಲ್ಲ ಅಲೆಸ್ಸಾಂಡ್ರೊ ಮಾರ್ಟಿನಿ, ಮೂಲಿಕೆ ಬಲ್ಲ ಲೂಯಿಜಿ ರೊಸ್ಸಿ, ಲೆಕ್ಕ ಬಲ್ಲ ತೆಯೊಫಿಲೊ ಸೋಲಾ ಜೊತೆಗೂಡಿ ಕಟ್ಟಿದ ಸಂಸ್ಥೆ ನಗರದ ಹೊರಗಿನ ಪೆಸ್ಸಿಯೋನೆಯಿಂದ ಜಗತ್ತಿಗೆಲ್ಲ ಬಾಟಲಿ ಕಳಿಸಿತು. 1891ರಲ್ಲಿ ಆಸ್ತಿ ಪಟ್ಟಣದಲ್ಲಿ ಜೂಲಿಯೊ ಕೊಕ್ಕಿ ತನ್ನದೇ ಮನೆ ಶುರುಮಾಡಿದ. ಅಮೆರಿಕದ ಬಾರುಗಳಿಗೆ ತಲುಪಿದ ವರ್ಮೂತ್ ಅಲ್ಲಿ ಮ್ಯಾನ್‌ಹಾಟನ್, ಮಾರ್ಟಿನಿ ಮೊದಲಾದ ಕಾಕ್‌ಟೇಲುಗಳಿಗೆ ಬೆನ್ನೆಲುಬಾಯಿತು.

ಬಾಟಲಿಯೊಳಗೆ ಏನಿದೆ?

ಕೆಂಪು ವರ್ಮೂತ್ ಕಂಡವರು ಅದನ್ನು ಕೆಂಪು ದ್ರಾಕ್ಷಿಯಿಂದ ಮಾಡಿದ್ದೆಂದೇ ಭಾವಿಸುತ್ತಾರೆ. ಬಹುಪಾಲು ಬಾಟಲಿಗಳಲ್ಲಿ ಇರುವುದು ಬಿಳಿ ವೈನು. ಆ ಬಣ್ಣ ಬಂದದ್ದು ಸುಟ್ಟ ಸಕ್ಕರೆಯ ಪಾಕದಿಂದ, ಒಂದಿಷ್ಟು ಮೂಲಿಕೆಗಳಿಂದ. ಮಾಡುವ ಬಗೆ ಹೇಳಲು ಸರಳ. ಒಣಗಿಸಿದ ಮೂಲಿಕೆಗಳನ್ನು ನೀರು ಬೆರೆಸಿದ ಮದ್ಯಸಾರದಲ್ಲಿ ಕೆಲವು ವಾರ ನೆನೆಹಾಕುತ್ತಾರೆ, ಆಗಾಗ ಕಲಕುತ್ತಾರೆ, ಕೊನೆಗೆ ಹಿಂಡಿ ಸೋಸುತ್ತಾರೆ. ಕೆಲವು ಮೂಲಿಕೆಗಳನ್ನು ಬಟ್ಟಿ ಇಳಿಸಿ ಪರಿಮಳವನ್ನಷ್ಟೇ ಹಿಡಿಯುವುದೂ ಉಂಟು. ಈ ಸಾರವನ್ನು ವೈನು, ಸಕ್ಕರೆ, ಮದ್ಯಸಾರದೊಡನೆ ಬೆರೆಸಿ, ಎಲ್ಲವೂ ಒಂದಕ್ಕೊಂದು ಹೊಂದಿಕೊಳ್ಳುವವರೆಗೆ ಬಿಡುತ್ತಾರೆ.

ಕಷ್ಟವಿರುವುದು ಅಳತೆಯಲ್ಲಿ. ಜೆನ್ಷಿಯನ್ ಬೇರಿನ ಕಹಿ ನೇರವಾಗಿ ನಾಲಗೆಗೆ ಹೊಡೆಯುತ್ತದೆ. ಸಿಂಕೋನಾ ತೊಗಟೆಯ ಕಹಿಗೆ ಒಗರೂ ಸೇರಿದೆ. ರೇವಲ್ಚಿನ್ನಿ ಬೇರಿಗೆ ಮಣ್ಣಿನ ವಾಸನೆ. ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ, ವೆನಿಲಾ ಇವನ್ನೆಲ್ಲ ಮೆದುಗೊಳಿಸುತ್ತವೆ. ಯಾವುದು ಎಷ್ಟು ಎಂಬುದು ಪ್ರತಿ ಮನೆತನದ ಗುಟ್ಟು. ಆದರೆ ಒಂದು ಗಿಡವನ್ನು ಬಿಡುವಂತಿಲ್ಲ. ಅದು ಆರ್ಟೆಮಿಸಿಯಾ. ಬೂದುಹಸಿರು ಎಲೆಯ, ತೀಕ್ಷ್ಣ ಕಹಿಯ ಈ ಗಿಡವಿಲ್ಲದೆ ವರ್ಮೂತ್ ಇಲ್ಲ. ಕನ್ನಡಿಗರಿಗೆ ಈ ಕುಲ ಹೊಸದಲ್ಲ. ಹೂವಿನ ದಂಡೆಯಲ್ಲಿ ಕಟ್ಟುವ ದವನ, ಗಣೇಶನ ಪತ್ರೆ ಪೂಜೆಯ ಮಾಚಿಪತ್ರೆ ಎರಡೂ ಆರ್ಟೆಮಿಸಿಯಾಗಳೇ. ದವನದ ಎಸಳನ್ನು ಬೆರಳಲ್ಲಿ ಉಜ್ಜಿ ಮೂಸಿದವರಿಗೆ ವರ್ಮೂತಿನ ಮೊದಲ ಗಾಳಿ ಮೂಗಿಗೆ ಬಿದ್ದಾಗ ಯಾವುದೋ ಗುರುತಿನ ಎಳೆ ಸಿಕ್ಕೇ ಸಿಗುತ್ತದೆ.

ಗುಟುಕರಿಸಿದಾಗ ಮೊದಲು ಸಿಗುವುದು ಸಿಹಿ. ನಾಲಗೆಯ ನಡುವೆ ಬಂದಾಗ ಕಿತ್ತಳೆ, ಲವಂಗ, ಒಣದ್ರಾಕ್ಷಿಯ ನೆನಪು. ನುಂಗಿದ ಮೇಲೆ ಕಹಿ ನಿಧಾನವಾಗಿ ಮೇಲೆದ್ದು ಬಾಯಲ್ಲಿ ನೀರೂರಿಸುತ್ತದೆ. ಹಸಿವು ಎಬ್ಬಿಸುವ ಕೆಲಸ ಆ ಕಹಿಯದೇ. ಕಾರ್ಪಾನೊ ಮನೆಯ ಪುಂಟ್ ಎ ಮೆಸ್ ಎಂಬ ವರ್ಮೂತಿನಲ್ಲಿ ಈ ಕಹಿ ಇನ್ನೂ ಎದ್ದುಕಾಣುತ್ತದೆ. ಒಂದು ಪಾಲು ಸಿಹಿಗೆ ಅರ್ಧ ಪಾಲು ಕಹಿ ಎಂಬುದು ಅದರ ಲೆಕ್ಕ. 1870ರಲ್ಲಿ ಷೇರುಪೇಟೆಯ ದಲ್ಲಾಳಿಯೊಬ್ಬ ಮಾತಿನ ಭರದಲ್ಲಿ ತನ್ನ ಪೇಟೆಯ ಭಾಷೆಯಲ್ಲೇ ‘ಪುಂಟ್ ಎ ಮೆಸ್’ ಎಂದು ಕೇಳಿದನಂತೆ, ಹೆಸರು ಹಾಗೇ ನಿಂತಿತಂತೆ.

ಸಂಜೆಯ ಮರ್ಯಾದೆ

ಕುಡಿಯುವ ಕ್ರಮಕ್ಕೆ ಹೆಚ್ಚಿನ ಆಡಂಬರ ಬೇಡ. ಚೆನ್ನಾಗಿ ತಣ್ಣಗಿರಬೇಕು, ಒಂದು ಐಸ್ ತುಂಡು ಸಾಕು. ಕೆಂಪಿಗೆ ಕಿತ್ತಳೆ ಸಿಪ್ಪೆ, ಬಿಳಿಗೆ ನಿಂಬೆ ಸಿಪ್ಪೆ ಹಿಂಡಿ ಹಾಕುತ್ತಾರೆ. ಬೇಸಿಗೆಯಲ್ಲಿ ಸೋಡಾ ಬೆರೆಸುವುದೂ ಇದೆ. ಜೊತೆಗೆ ಉಪ್ಪಿನ ತಿಂಡಿ ಇರಲೇಬೇಕು. ಪಿಯೆಮೊಂಟೆಯಲ್ಲಿ ಪಾರ್ಸ್ಲಿ ಬೆಳ್ಳುಳ್ಳಿಯ ಹಸಿರು ಚಟ್ನಿಯಲ್ಲಿ ಅದ್ದಿದ ಆಂಚೊವಿ ಮೀನು ಸಿಗುತ್ತದೆ. ಪಿಯಾಜ್ಜಾ ಕಸ್ತೆಲ್ಲೊ ಚೌಕದ ಮುಲಸ್ಸಾನೊ ಕೆಫೆಯಲ್ಲಿ ತ್ರಮೆಜ್ಜೀನೊ ಎಂಬ ಮೆತ್ತನೆಯ ಪುಟ್ಟ ಸ್ಯಾಂಡ್‌ವಿಚ್ ಸಿಗುತ್ತದೆ. ಅದು ಹುಟ್ಟಿದ್ದೇ 1920ರ ದಶಕದಲ್ಲಿ ಆ ಕೆಫೆಯಲ್ಲಿ ಎಂಬ ಹೆಮ್ಮೆ ಊರಿಗಿದೆ.

ಮಿಲಾನಿನ ಕಂಪಾರಿ ಎಂಬ ಕಡುಗೆಂಪು ಕಹಿ ಮದ್ಯವನ್ನು ಟ್ಯೂರಿನ್ನಿನ ವರ್ಮೂತಿಗೆ ಸಮಸಮ ಸೇರಿಸಿದರೆ ಮಿಲಾನೊ-ತೊರಿನೊ. ಅದಕ್ಕೆ ಸೋಡಾ ಬಿದ್ದರೆ ಅಮೆರಿಕಾನೊ. 1919ರ ಹೊತ್ತಿಗೆ ಫ್ಲಾರೆನ್ಸಿನ ಕಾಸೋನಿ ಕೆಫೆಯಲ್ಲಿ ಕೌಂಟ್ ಕಮಿಲ್ಲೊ ನೆಗ್ರೋನಿ ಸೋಡಾದ ಬದಲು ಜಿನ್ ಹಾಕಿಸಿಕೊಂಡನೆಂದೂ ಅದೇ ನೆಗ್ರೋನಿಯಾಯಿತೆಂದೂ ಹೇಳುತ್ತಾರೆ. ಜಗತ್ತಿನ ಬಾರುಗಳಲ್ಲಿ ಇವು ಮೆರೆದಂತೆಲ್ಲ ವರ್ಮೂತ್ ಬರೀ ಬೆರಕೆಯ ಸಾಮಾನಾಗಿ ಉಳಿಯಿತು. ಅಗ್ಗದ ಸರಕೂ ಹೆಚ್ಚಿತು. ಇದನ್ನು ಕಂಡ ಟ್ಯೂರಿನ್ ತಯಾರಕರು ತಮ್ಮ ಹೆಸರಿಗೆ ರಕ್ಷಣೆ ಕೇಳಿದರು. 2017ರಲ್ಲಿ ‘ವೆರ್ಮುತ್ ದಿ ತೊರಿನೊ’ ಹೆಸರಿಗೆ ಖಚಿತ ನಿಯಮಗಳು ಬಂದವು. ತಯಾರಿ ಪಿಯೆಮೊಂಟೆಯಲ್ಲೇ ಆಗಬೇಕು, ಆರ್ಟೆಮಿಸಿಯಾ ಅಲ್ಲೇ ಬೆಳೆದದ್ದಾಗಿರಬೇಕು, ವೈನು ಇಟಲಿಯದಾಗಿರಬೇಕು, ಮದ್ಯಸಾರ ಶೇ 16ಕ್ಕೆ ಇಳಿಯಬಾರದು. ‘ಸುಪೀರಿಯೋರೆ’ ಎಂದು ಬರೆಯಬೇಕಾದರೆ ಶೇ 17 ಬೇಕು, ವೈನಿನಲ್ಲಿ ಅರ್ಧವಾದರೂ ಪಿಯೆಮೊಂಟೆಯದಾಗಿರಬೇಕು.

ಬಿರುಗಾಳಿ ತಂದ ವ್ಯಾಪಾರಿ

ಊಟದ ಆಚೆ ದಡದಲ್ಲಿರುವ ಮಾರ್ಸಾಲಾ ನೋಡಲು ಸಿಸಿಲಿ ದ್ವೀಪದ ಪಶ್ಚಿಮ ತುದಿಗೆ ಹೋಗಬೇಕು. ಅಲ್ಲಿ ಉಪ್ಪಿನ ಗದ್ದೆಗಳು, ಗಾಳಿಯಂತ್ರಗಳು, ಬಿಸಿಲಿಗೆ ಬೆಂದ ದ್ರಾಕ್ಷಿ ತೋಟಗಳು. 1773ರಲ್ಲಿ ಜಾನ್ ವುಡ್‌ಹೌಸ್ ಎಂಬ ಇಂಗ್ಲಿಷ್ ವ್ಯಾಪಾರಿಯ ಹಡಗು ಬಿರುಗಾಳಿಗೆ ಸಿಕ್ಕಿ ಈ ಬಂದರು ಸೇರಿತೆಂಬುದು ಪ್ರತೀತಿ. ಊರ ಮನೆಗಳಲ್ಲಿ ಒಂದು ಹಳೆಯ ಪೀಪಾಯಿ ಇರುತ್ತಿತ್ತು. ವಿಶೇಷ ದಿನಗಳಲ್ಲಿ ಅದರಿಂದ ವೈನ್ ತೆಗೆಯುತ್ತಿದ್ದರು, ತೆಗೆದಷ್ಟನ್ನು ಹೊಸ ವೈನಿನಿಂದ ತುಂಬುತ್ತಿದ್ದರು. ಪೀಪಾಯಿ ಎಂದೂ ಖಾಲಿಯಾಗುತ್ತಿರಲಿಲ್ಲ. ಇಂಗ್ಲೆಂಡಿನವರು ಮೆಚ್ಚುವ ಶೆರ್ರಿ, ಮದೀರಾಗಳ ಹೋಲಿಕೆಯನ್ನು ವುಡ್‌ಹೌಸ್ ಅದರಲ್ಲಿ ಕಂಡ. ದೀರ್ಘ ಸಮುದ್ರಯಾನದಲ್ಲಿ ಕೆಡದಂತೆ ಮದ್ಯಸಾರ ಸೇರಿಸಿ ಕಳಿಸಿದ. 1800ರಲ್ಲಿ ನೌಕಾಧಿಪತಿ ನೆಲ್ಸನ್ ತನ್ನ ಪಡೆಗಾಗಿ ಇದನ್ನೇ ತರಿಸಿಕೊಂಡ. 1833ರಲ್ಲಿ ವಿನ್ಚೆನ್ಜೊ ಫ್ಲೋರಿಯೊ ಕಡಲ ದಂಡೆಯಲ್ಲಿ ತನ್ನ ನೆಲಮಾಳಿಗೆ ಕಟ್ಟುವವರೆಗೂ ಇಂಗ್ಲಿಷರದೇ ಮೇಲುಗೈ.

ಗ್ರಿಲ್ಲೊ, ಕತರ್ರಾತ್ತೊ, ಇನ್ಜೋಲಿಯಾ ಎಂಬ ಬಿಳಿ ದ್ರಾಕ್ಷಿಗಳು ಮಾರ್ಸಾಲಾದ ಮೂಲ. ಪೀಪಾಯಿಯನ್ನು ಕಂಠಮಟ್ಟ ತುಂಬದೆ ಗಾಳಿಗೆ ಜಾಗ ಬಿಡುತ್ತಾರೆ. ಬೇರೆ ವೈನುಗಳನ್ನು ಕೆಡಿಸುವ ಆ ಗಾಳಿಯೇ ಇಲ್ಲಿ ಬಾದಾಮಿ, ಅಕ್ರೋಟು, ಒಣಅಂಜೂರದ ರುಚಿ ಕೊಡುತ್ತದೆ. ‘ಅಂಬ್ರಾ’ ಎಂಬ ಬಗೆಗೆ ಬೇಯಿಸಿದ ದ್ರಾಕ್ಷಿರಸವನ್ನೂ ಸೇರಿಸುತ್ತಾರೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಸುವಂತೆ ಗಂಟೆಗಟ್ಟಲೆ ಕುದಿಸಿ, ರಸ ಕಪ್ಪಗೆ ಮಂದವಾಗುವವರೆಗೆ ಬತ್ತಿಸಿದ ಪಾಕ ಅದು. ಒಂದು ವರ್ಷ ಮಾಗಿದ್ದು ‘ಫಿನೆ’, ಎರಡು ವರ್ಷದ್ದು ‘ಸುಪೀರಿಯೋರೆ’, ನಾಲ್ಕು ವರ್ಷದ್ದು ‘ಸುಪೀರಿಯೋರೆ ರಿಸೆರ್ವಾ’. ‘ವೆರ್ಜಿನೆ’ಗೆ ಕನಿಷ್ಠ ಐದು ವರ್ಷ ಬೇಕು; ಅದರಲ್ಲಿ ವೈನು ಮತ್ತು ಮದ್ಯಸಾರದ ಹೊರತು ಸಿಹಿಯ ಬೆರಕೆ ಏನೂ ಇರುವುದಿಲ್ಲ.

ಮೊಟ್ಟೆ, ಕಾಫಿ ಮುಂತಾದವು ಬೆರೆತ ಅಗ್ಗದ ಬಾಟಲಿಗಳೂ ಮಾರ್ಸಾಲಾ ಹೆಸರಿನಲ್ಲೇ ಮಾರಾಟವಾಗಿ, 20ನೇ ಶತಮಾನದಲ್ಲಿ ಈ ವೈನು ಅಡುಗೆಮನೆಯ ಸಾಮಾನಾಗಿಬಿಟ್ಟಿತ್ತು. 1984ರ ಕಾನೂನು ಅಂಥವನ್ನು ಹೊರಗಿಟ್ಟು ಹೆಸರಿಗೆ ಮಾನ ತಂದಿತು. ಅಡುಗೆಮನೆಯ ನಂಟು ಕೀಳೇನಲ್ಲ. ಜಬಾಯೋನೆ ಎಂಬ ಸಿಹಿಯನ್ನೇ ನೋಡಿ. ಮೊಟ್ಟೆಯ ಹಳದಿಗೆ ಸಕ್ಕರೆ ಹಾಕಿ ಬಣ್ಣ ತಿಳಿಯಾಗುವವರೆಗೆ ಕಡೆಯುತ್ತಾರೆ. ಒಡೆದ ಮೊಟ್ಟೆಯ ಅರ್ಧ ಚಿಪ್ಪೇ ಮಾರ್ಸಾಲಾದ ಅಳತೆ. ಪಾತ್ರೆಯನ್ನು ಬಿಸಿನೀರಿನ ಹಬೆಯ ಮೇಲಿಟ್ಟು ಕೈ ನಿಲ್ಲಿಸದೆ ಕಡೆಯಬೇಕು. ಉರಿ ತುಸು ಹೆಚ್ಚಾದರೂ ಮೊಟ್ಟೆ ಒಡೆದು ಗಂಟಾಗುತ್ತದೆ. ಹದ ಹಿಡಿದರೆ ಮಿಶ್ರಣ ಉಬ್ಬಿ, ಚಮಚದಿಂದ ನಿಧಾನವಾಗಿ ಜಾರುವ ನೊರೆಯಾಗುತ್ತದೆ. ಬೆಚ್ಚಗಿರುವಾಗಲೇ ಬಿಸ್ಕತ್ತಿನೊಡನೆ ತಿನ್ನುತ್ತಾರೆ. ಸಿಹಿ ಮಾರ್ಸಾಲಾವನ್ನು ಸಿಸಿಲಿಯವರು ರಿಕೊತ್ತಾ ತುಂಬಿದ ಕನ್ನೋಲಿ, ಬಾದಾಮಿ ಸಿಹಿಗಳೊಡನೆ ಊಟದ ಕೊನೆಗೆ ಕುಡಿಯುತ್ತಾರೆ. ಸಿಹಿಯಿಲ್ಲದ ವೆರ್ಜಿನೆಯನ್ನು ತಣ್ಣಗೆ ಮಾಡಿ ಹಳೆಯ ಚೀಸು, ಹುರಿದ ಬಾದಾಮಿಯೊಡನೆ ಊಟಕ್ಕೆ ಮುನ್ನವೂ ಕೊಡುತ್ತಾರೆ.

ಔಷಧಿಯೂ ಚಾಕೊಲೇಟೂ

ಎರಡೂ ದಡಗಳ ಗುಣ ಒಂದರಲ್ಲೇ ಬೇಕೆನ್ನುವವರಿಗೆ ಪಿಯೆಮೊಂಟೆಯ ಬರೋಲೊ ಕಿನಾಟೊ ಇದೆ. ನೆಬ್ಬಿಯೋಲೊ ದ್ರಾಕ್ಷಿಯ ಹೆಸರಾಂತ ಬರೋಲೊ ವೈನಿಗೆ ಸಿಂಕೋನಾ ತೊಗಟೆ ಮತ್ತು ಮಸಾಲೆಗಳ ಸಾರ ಸೇರಿಸಿ ಮಾಡಿದ್ದಿದು. 19ನೇ ಶತಮಾನದ ಕೊನೆಯಲ್ಲಿ ಸೆರ್ರಾಲುಂಗಾ ದಾಲ್ಬಾ ಊರಿನ ಔಷಧಿಕಾರ ಜುಸೆಪ್ಪೆ ಕಪ್ಪೆಲ್ಲಾನೊ ಇದನ್ನು ರೂಪಿಸಿದನೆಂದು ನಂಬಿಕೆ. ಸಿಂಕೋನಾ ಎಂದರೆ ಕ್ವಿನೈನಿನ ಮೂಲ. ಮಲೆನಾಡಿನ ಹಿರಿಯರು ಚಳಿಜ್ವರಕ್ಕೆ ಮುಖ ಕಿವುಚಿ ನುಂಗಿದ ಕಹಿ ಇದೇ. ಇಲ್ಲಿ ಅದು ಒಳ್ಳೆಯ ವೈನಿನ ಆಳಕ್ಕೆ ಇಳಿದು ಜೀರ್ಣಕ್ಕೆಂದು ಕೊಡುವ ಕೊನೆಯ ಗುಟುಕಾಗಿದೆ. ಕಪ್ಪು ಚಾಕೊಲೇಟಿನ ಎದುರು ಬಹುತೇಕ ವೈನುಗಳು ಸೋಲುತ್ತವೆ, ಇದು ಸೋಲುವುದಿಲ್ಲ. ಹೇಝಲ್‌ನಟ್ ಬೆರೆಸಿದ ಚಾಕೊಲೇಟಿಗೆ ಹೆಸರಾದ ಟ್ಯೂರಿನ್ನಿನಲ್ಲಿ ಈ ಜೋಡಿ ಮನೆಮಾತು.

ಕೊಳ್ಳುವವರಿಗೆ ಎರಡು ಮಾತು

ಲೇಬಲ್ ಓದಿ ಕೊಳ್ಳಿ. ವರ್ಮೂತಿನಲ್ಲಿ ಊರಿನ ಹೆಸರು, ಮಾರ್ಸಾಲಾದಲ್ಲಿ ಮಾಗಿದ ವರ್ಷ ಹೇಳುವ ಪದ ಮತ್ತು ಸಿಹಿಯ ಮಟ್ಟ ನೋಡಿ. ‘ಸೆಕ್ಕೊ’ ಎಂದರೆ ಸಿಹಿ ಕಡಿಮೆ, ‘ದೋಲ್ಚೆ’ ಎಂದರೆ ಸಿಹಿ. ವರ್ಮೂತ್ ಎಷ್ಟಾದರೂ ವೈನು. ವಿಸ್ಕಿಯಂತೆ ಕಪಾಟಿನಲ್ಲಿ ವರ್ಷಗಟ್ಟಲೆ ನಿಲ್ಲುವುದಿಲ್ಲ. ಬಿರಡೆ ತೆಗೆದ ಮೇಲೆ ಫ್ರಿಜ್ಜಿನಲ್ಲಿಟ್ಟು ಒಂದು ತಿಂಗಳೊಳಗೆ ಮುಗಿಸಿದರೆ ಒಳ್ಳೆಯದು. ವರ್ಮೂತ್ ಚೆನ್ನಾಗಿಲ್ಲ ಎನ್ನುವ ಎಷ್ಟೋ ಜನ ಕುಡಿದಿರುವುದು ಬಾರಿನ ಬೆಚ್ಚಗಿನ ಮೂಲೆಯಲ್ಲಿ ಸುಸ್ತಾದ ಬಾಟಲಿಯನ್ನು. ಮದ್ಯ ಸೇವಿಸುವವರು ಇವುಗಳ ಕಸುವನ್ನೂ ಮರೆಯಬಾರದು. ಚಿಕ್ಕ ಲೋಟ, ತಿನ್ನಲು ಏನಾದರೂ, ಮಾತಿಗೆ ಜನ, ಈ ಮೂರೂ ಇದ್ದಾಗಲೇ ಇವು ಅರ್ಥಪೂರ್ಣ.

ಮತ್ತೊಂದು ಮಾತು: ಮೊದಲ ಸಲ ಏನನ್ನೂ ಬೆರೆಸದೆ ಕುಡಿದು ನೋಡಿ. ಗಿಡಮೂಲಿಕೆ ಬಲ್ಲವನು ಹತ್ತಾರು ಕಹಿಗಳನ್ನು ತೂಗಿ ಹದಮಾಡಿದ್ದು, ಪೀಪಾಯಿಯ ಮುಂದೆ ವರ್ಷಗಟ್ಟಲೆ ಕಾದದ್ದು ಆಗ ಮಾತ್ರ ನಾಲಗೆಗೆ ತಿಳಿಯುತ್ತದೆ. ಈ ಕಸುಬುಗಳ ಹೆಸರನ್ನು ಕಾನೂನು ಕಾಯಬಲ್ಲದು; ಅವುಗಳ ರುಚಿಯನ್ನು ಕಾಯುವವರು ಸಾವಧಾನವಾಗಿ ಕುಡಿಯುವವರೇ.