ಗಾಯಾಳು ನಮ್ಮ ಕೈಗೆ ಬಂದ ಅಮಾನತ್ತು

2017ರ ಫೆಬ್ರವರಿ 1. ಕೊಪ್ಪಳದಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ ಹದಿಹರೆಯದ ಹುಡುಗನೊಬ್ಬನಿಗೆ ಸಾರಿಗೆ ಬಸ್ಸು ಡಿಕ್ಕಿ ಹೊಡೆಯಿತು. ರಕ್ತದ ಮಡುವಿನಲ್ಲಿ ಬಿದ್ದ ಅವನು ಸಹಾಯಕ್ಕಾಗಿ ಅಂಗಲಾಚಿದ. ಜನ ಸುತ್ತುಗಟ್ಟಿ ನಿಂತರು. ಹಲವರ ಕೈ ಜೇಬಿಗೆ ಹೋಯಿತು, ಮೊಬೈಲ್ ಹೊರಬಂತು, ವೀಡಿಯೊ ಚಿತ್ರಣ ನಡೆಯಿತು. ಸುಮಾರು ಅರ್ಧ ಗಂಟೆ ಹಾಗೆಯೇ ಕಳೆಯಿತು. ಕೊನೆಗೆ ಆಸ್ಪತ್ರೆಗೆ ಸೇರಿಸಿದರೂ ಅವನು ಬದುಕಲಿಲ್ಲ.

ಹೊಸಪೇಟೆಯಿಂದ ಕೊಪ್ಪಳ ದೂರದ ಊರಲ್ಲ, ಒಂದೇ ಹೆದ್ದಾರಿಯ ಎರಡು ಊರುಗಳು. ಅಲ್ಲಿ ನಿಂತಿದ್ದವರೆಲ್ಲ ಕಟುಕರೂ ಆಗಿರಲಾರರು. ಇಂತಹ ಹೊತ್ತಿನಲ್ಲಿ ನಮ್ಮ ಕಾಲು ಹಿಂದೆ ಸರಿಯುವಂತೆ ಮಾಡುವುದು ಹಳೆಯ ಭಯ: ‘ಮುಟ್ಟಿದರೆ ಪೊಲೀಸ್ ಕೇಸು, ಕೋರ್ಟಿಗೆ ಅಲೆದಾಟ, ಆಸ್ಪತ್ರೆಯ ಬಿಲ್ಲು ನಮ್ಮ ತಲೆಗೆ.’ ಮನೆಯಿಂದ ಹೊರಡುವ ಮಗನಿಗೆ, ‘ರಸ್ತೆಯಲ್ಲಿ ಏನಾದರೂ ಆದರೆ ನೀನು ನಿಲ್ಲಬೇಡ ಬೇಟಾ’ ಎಂದು ಹೇಳಿ ಕಳುಹಿಸುವ ತಾಯಂದಿರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ಸಹೋದರಿಯರೇ, ಈ ಮಾತನ್ನು ಇಂದು ಪರಿಶೀಲಿಸೋಣ. ಆ ಭಯಕ್ಕೆ ಕಾನೂನಿನಲ್ಲಿ ಈಗ ಆಧಾರವಿಲ್ಲ. ನಮ್ಮ ದೀನಿನಲ್ಲಂತೂ ಎಂದೂ ಇರಲಿಲ್ಲ.

ಗಾಯಾಳು ಒಂದು ಅಮಾನತ್ತು. ಮೊದಲು ಕಂಡವರ ಕೈಯಿಂದ ಆಂಬುಲೆನ್ಸ್ ಸಿಬ್ಬಂದಿಯ ಕೈಗೆ, ಅವರಿಂದ ಆಸ್ಪತ್ರೆಯ ಕೈಗೆ ಅವನು ದಾಟುತ್ತಾನೆ. ಮುಂದಿನ ಕೈ ಹಿಡಿಯುವವರೆಗೆ ಹಿಂದಿನ ಕೈ ಬಿಡುವಂತಿಲ್ಲ. ಇಡೀ ಜವಾಬ್ದಾರಿಯ ತಿರುಳು ಇಷ್ಟೇ.

ಮೊದಲ ಕೈ: ನೀವು ಮತ್ತು ನಾನು

ಸುಪ್ರೀಂ ಕೋರ್ಟ್ 2016ರ ಮಾರ್ಚ್ 30ರಂದು, ಗಾಯಾಳುಗಳಿಗೆ ನೆರವಾಗುವವರನ್ನು ರಕ್ಷಿಸುವ ಮಾರ್ಗಸೂಚಿಗಳನ್ನು ದೇಶಕ್ಕೆಲ್ಲ ಕಡ್ಡಾಯಗೊಳಿಸಿತು. ಅದೇ ವರ್ಷ ನಮ್ಮ ಕರ್ನಾಟಕದ ಶಾಸನಸಭೆ ಇಂತಹ ‘ಪರೋಪಕಾರಿ’ಗಳ ರಕ್ಷಣೆಗೆಂದೇ ಕಾಯ್ದೆ ಮಾಡಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಒಪ್ಪಿಗೆ ದೊರೆಯಿತು. ರಾಜ್ಯವೊಂದು ಇಂತಹ ಕಾಯ್ದೆ ತಂದದ್ದು ದೇಶದಲ್ಲಿ ಅದೇ ಮೊದಲು. 2019ರಲ್ಲಿ ಕೇಂದ್ರದ ಮೋಟಾರು ವಾಹನ ಕಾಯ್ದೆಗೂ 134-ಎ ಎಂಬ ಕಲಮು ಸೇರಿತು.

ಇವುಗಳ ಸಾರ ಇದು: ಒಳ್ಳೆಯ ಉದ್ದೇಶದಿಂದ, ಪ್ರತಿಫಲದ ಆಸೆಯಿಲ್ಲದೆ ಅಪಘಾತದ ಗಾಯಾಳುವಿಗೆ ನೆರವಾದವರ ಮೇಲೆ, ಗಾಯಾಳು ಸತ್ತರೂ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. ಹೆಸರು, ವಿಳಾಸ ಹೇಳಲೇಬೇಕೆಂದು ಪೊಲೀಸರಾಗಲಿ ಆಸ್ಪತ್ರೆಯಾಗಲಿ ಒತ್ತಾಯಿಸುವಂತಿಲ್ಲ. ಆಸ್ಪತ್ರೆಯಲ್ಲಿ ತಡೆದು ಕೂರಿಸುವಂತಿಲ್ಲ, ಹಣ ಕೇಳುವಂತಿಲ್ಲ. ಧರ್ಮ, ಜಾತಿ, ಲಿಂಗದ ಭೇದವಿಲ್ಲದೆ ಗೌರವದಿಂದ ನಡೆಸಿಕೊಳ್ಳಬೇಕೆಂದು 2020ರ ನಿಯಮಗಳು ಹೇಳುತ್ತವೆ. ಈ ಹಕ್ಕುಗಳ ಫಲಕವನ್ನು ಆಸ್ಪತ್ರೆಗಳು ಬಾಗಿಲಲ್ಲಿಯೇ ಹಾಕಬೇಕು. ಸ್ವಇಚ್ಛೆಯಿಂದ ಸಾಕ್ಷಿ ಹೇಳಲು ಒಪ್ಪಿದರೆ ಮಾತ್ರ ವಿಚಾರಣೆ, ಅದೂ ಒಂದೇ ಸಲಕ್ಕೆ ಮುಗಿಯಬೇಕು. ಮಹಿಳೆಯರಿಗೆ ಇನ್ನೊಂದು ರಕ್ಷಣೆಯಿದೆ. ಸಾಕ್ಷಿಯಾದ ಮಹಿಳೆಯನ್ನು ವಿಚಾರಣೆಗೆಂದು ಠಾಣೆಗೆ ಬರಲೇಬೇಕೆಂದು ಪೊಲೀಸರು ಕರೆಯುವಂತಿಲ್ಲ; ಆಕೆ ವಾಸವಾಗಿರುವಲ್ಲಿಗೇ ಬರಬೇಕು.

ಇನ್ನು ಅಪಘಾತ ಮಾಡಿದ ಚಾಲಕನ ಮಾತೇ ಬೇರೆ. ಗಾಯಾಳುವನ್ನು ಹತ್ತಿರದ ವೈದ್ಯರಲ್ಲಿಗೆ ಅಥವಾ ಆಸ್ಪತ್ರೆಗೆ ತಲುಪಿಸಲು ಸಾಧ್ಯವಾದದ್ದನ್ನೆಲ್ಲ ಮಾಡುವುದು ಅವನ ಮೇಲಿನ ಕಾನೂನಿನ ಕಡ್ಡಾಯ. ಮನೆಯಲ್ಲಿ ಆಟೋ, ಲಾರಿ, ಟ್ರ್ಯಾಕ್ಟರ್ ಓಡಿಸುವವರಿದ್ದರೆ ಇದನ್ನು ಅವರಿಗೆ ತಿಳಿಸಿಕೊಡಿ.

ಶರೀಅತ್ತಿನ ದೃಷ್ಟಿಯಲ್ಲಿ ಇದು ಫರ್ಝ್ ಕಿಫಾಯ. ಕೆಲವರು ಮಾಡಿದರೆ ಎಲ್ಲರ ಹೊಣೆ ತೀರುತ್ತದೆ, ಯಾರೂ ಮಾಡದಿದ್ದರೆ ಎಲ್ಲರೂ ಪಾಪಿಗಳು. ಅಲ್ಲಿ ನೀವೊಬ್ಬರೇ ಇದ್ದರೆ ಅದು ನಿಮ್ಮ ಮೇಲೆಯೇ ಕಡ್ಡಾಯ. ನಮಾಝ್‌ನಲ್ಲಿ ನಿಂತವನಿಗೆ ನೀರಿನಲ್ಲಿ ಮುಳುಗುವವನ ಕೂಗು ಕೇಳಿದರೆ, ಉಳಿಸಲು ಶಕ್ತನಾದವನು ನಮಾಝ್ ಮುರಿದು ಓಡಬೇಕೆಂದು ಫುಕಹಾಗಳು ಬರೆದಿದ್ದಾರೆ. ಕುರ್‌ಆನ್ ಸೂರಃ ಅಲ್ ಮಾಇದಃದ 32ನೇ ವಚನದಲ್ಲಿ ಒಂದು ಜೀವದ ಬೆಲೆಯನ್ನು ಇಡೀ ಮನುಕುಲದ ಬೆಲೆಗೆ ಸರಿಗಟ್ಟಿದೆ. ಆ ಜೀವ ಯಾವ ಧರ್ಮದ್ದೆಂಬ ಪ್ರಶ್ನೆಯೇ ಅಲ್ಲಿಲ್ಲ.

ತಿಳಿಯದ್ದನ್ನು ಮಾಡಬೇಡಿ

ಉದ್ದೇಶ ಒಳ್ಳೆಯದಾದರೆ ಸಾಲದು. ವೈದ್ಯ ಗೊತ್ತಿಲ್ಲದೆ ವೈದ್ಯ ಮಾಡಿದವನು ಅದರಿಂದಾಗುವ ಹಾನಿಗೆ ಹೊಣೆಗಾರನೆಂದು ಪ್ರವಾದಿ(ಸ)ರವರು ಕಲಿಸಿದ್ದು ಅಬೂದಾವೂದ್‌ನ ಹದೀಸ್‌ನಲ್ಲಿದೆ. ಆದ್ದರಿಂದ ನಮಗೆ ಗೊತ್ತಿರುವಷ್ಟನ್ನೇ ಮಾಡೋಣ, ಆದರೆ ಅಷ್ಟನ್ನು ಬಿಡದೆ ಮಾಡೋಣ.

ಮೊದಲು 108ಕ್ಕೆ ಕರೆ ಮಾಡಿ. ಊರು, ರಸ್ತೆ, ಹತ್ತಿರದ ಗುರುತು ಹೇಳಿ: ದರ್ಗಾ, ಪೆಟ್ರೋಲ್ ಬಂಕ್, ಕಾಲುವೆಯ ಸೇತುವೆ, ಏನಾದರೂ ಸರಿ. ಅವರು ಸಾಕೆನ್ನುವವರೆಗೆ ಫೋನ್ ಇಡಬೇಡಿ. ರಕ್ತ ಹರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು, ನಿಮ್ಮ ದುಪಟ್ಟಾ ಆದರೂ ಸರಿ, ಗಾಯದ ಮೇಲೆ ಬಿಗಿಯಾಗಿ ಒತ್ತಿ ಹಿಡಿಯಿರಿ. ಕುತ್ತಿಗೆ ತಿರುಚಬೇಡಿ, ಎಳೆದಾಡಬೇಡಿ. ಗಾಯಾಳು ನೀರು ಕೇಳಿದರೆ ಕರುಳು ಚುರುಕ್ಕೆನ್ನುವುದು ಸಹಜ, ಆದರೂ ಕುಡಿಸಬೇಡಿ. ಎಚ್ಚರ ತಪ್ಪಿದವರಿಗೆ ಅದು ಉಸಿರಿನ ನಾಳಕ್ಕೆ ಇಳಿಯಬಹುದು, ಮುಂದಿನ ಶಸ್ತ್ರಚಿಕಿತ್ಸೆಗೂ ಅಡ್ಡಿಯಾಗುತ್ತದೆ. ಕಂಪ್ಲಿಯ ಕಡೆ ಗದ್ದೆ ಕೆಲಸದಲ್ಲಿ ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಬೇಡ. ಕಚ್ಚಿದ ಭಾಗ ಅಲುಗಾಡದಂತೆ ಇಟ್ಟು ನೇರವಾಗಿ ಆಸ್ಪತ್ರೆಗೆ ಹೋಗಿ.

ಎರಡನೆಯ ಕೈ: 108ರ ಸಿಬ್ಬಂದಿ

ಕರ್ನಾಟಕದಲ್ಲಿ ‘ಆರೋಗ್ಯ ಕವಚ’ ಎಂಬ ಹೆಸರಿನ ಈ ಉಚಿತ ಸೇವೆ 2008ರ ನವೆಂಬರ್ 1ರಂದು ಆರಂಭವಾಯಿತು. ಗಾಡಿಯಲ್ಲಿ ಬರುವ ತರಬೇತಿ ಪಡೆದ ಸಿಬ್ಬಂದಿಗೆ ಪರೋಪಕಾರಿಗಿರುವ ಸಲುಗೆಯಿಲ್ಲ. ಅವರದು ಕರ್ತವ್ಯ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಜೈಲಿಗೂ ಹೋಗಬೇಕಾದೀತು.

ಅವರ ಜವಾಬ್ದಾರಿಗಳೇನು? ಎಚ್ಚರವಿರುವ ರೋಗಿಯ ಒಪ್ಪಿಗೆ ಪಡೆಯಬೇಕು. ಎಚ್ಚರ ತಪ್ಪಿದ್ದು, ಒಪ್ಪಿಗೆ ಕೊಡುವವರೂ ಯಾರೂ ಇಲ್ಲದಿದ್ದರೆ ಜೀವ ಉಳಿಸಲು ಸದುದ್ದೇಶದಿಂದ ಮಾಡಿದ್ದು ಅಪರಾಧವಲ್ಲವೆಂದು ನ್ಯಾಯ ಸಂಹಿತೆಯೇ ಹೇಳುತ್ತದೆ. ತರಬೇತಿಯ ಮಿತಿ ದಾಟಬಾರದು. ಏನು ಕಂಡೆವು, ಏನು ಮಾಡಿದೆವು ಎಂಬುದನ್ನು ಬರೆದಿಡಬೇಕು. ಗಾಯಾಳುವಿನ ಒಡವೆ, ಹಣವನ್ನು ಕಾಪಾಡಬೇಕು. ಅವನ ಗುಟ್ಟು, ಅವನ ಫೋಟೋ ಹೊರಗೆ ಹೋಗಬಾರದು. ಆಸ್ಪತ್ರೆಯ ವೈದ್ಯರು ಅಥವಾ ನರ್ಸ್ ವಹಿಸಿಕೊಳ್ಳುವವರೆಗೆ ಅವನನ್ನು ಬಿಟ್ಟು ಹೋಗಬಾರದು.

ಹಲವರು ಒಟ್ಟಿಗೆ ಗಾಯಗೊಂಡಾಗ ಇನ್ನೊಂದು ಕಠಿಣ ಹೊಣೆ ಬರುತ್ತದೆ. 2023ರ ಜೂನ್ 30ರಂದು, ಬಕ್ರೀದ್‌ನ ಮರುದಿನ, ಹೊಸಪೇಟೆ ಹತ್ತಿರದ ವಡ್ಡರಹಳ್ಳಿ ಸೇತುವೆ ಬಳಿ ಲಾರಿ ಮತ್ತು ಎರಡು ಆಟೋಗಳ ಅಪಘಾತದಲ್ಲಿ ಕನಿಷ್ಠ ಏಳು ಜನ ಜೀವ ಕಳೆದುಕೊಂಡರು. ಇಂತಹ ಸ್ಥಳದಲ್ಲಿ ಸಿಬ್ಬಂದಿ ಮೊದಲು ಹೋಗಬೇಕಾದದ್ದು ಜೋರಾಗಿ ಅಳುವವರ ಬಳಿಗಲ್ಲ, ಉಸಿರು ಕಟ್ಟಿ ಸುಮ್ಮನೆ ಬಿದ್ದವರ ಬಳಿಗೆ. ‘ನಮ್ಮವರನ್ನು ಮೊದಲು ನೋಡಿ’ ಎಂದು ನಾವು ಕೈ ಹಿಡಿದು ಎಳೆದರೆ ಇನ್ನೊಬ್ಬ ತಾಯಿಯ ಮಗನ ಹಕ್ಕನ್ನು ಕಿತ್ತುಕೊಂಡಂತೆ. ಸಿಬ್ಬಂದಿಯ ಮೇಲೆ ಕೈ ಮಾಡುವುದಂತೂ 2009ರ ರಾಜ್ಯ ಕಾಯ್ದೆಯಂತೆ ಜೈಲು ಶಿಕ್ಷೆಗೆ ಗುರಿಯಾಗುವ ಅಪರಾಧ.

‘ಬಂದವರು ಗಂಡಸರು, ನಮ್ಮ ಮನೆಯ ಹೆಣ್ಣುಮಗಳನ್ನು ಮುಟ್ಟಬಹುದೇ?’ ಎಂಬ ಪ್ರಶ್ನೆಯೂ ಹಲವು ಮನೆಗಳಲ್ಲಿದೆ. ಮಹಿಳಾ ಸಿಬ್ಬಂದಿ ಇದ್ದರೆ ಅವರಿಗೇ ಆದ್ಯತೆ. ಇಲ್ಲದಿದ್ದರೆ ಅನಿವಾರ್ಯತೆಯು ನಿಷಿದ್ಧವನ್ನೂ ಅಗತ್ಯವಿರುವಷ್ಟರ ಮಟ್ಟಿಗೆ ಅನುಮತಿಸುತ್ತದೆ ಎಂಬುದು ಶರೀಅತ್ತಿನ ಪ್ರಸಿದ್ಧ ನಿಯಮ. ಪರ್ದಾದ ಹೆಸರಿನಲ್ಲಿ ಜೀವ ಹೋಗಲು ಬಿಡುವುದು ದೀನದಾರಿಕೆಯಲ್ಲ. ಅಗತ್ಯವಿದ್ದಷ್ಟೇ ಬಟ್ಟೆ ಸರಿಸಿ, ಉಳಿದದ್ದನ್ನು ಮುಚ್ಚಿ ಮರ್ಯಾದೆ ಕಾಯುವುದು ಸಿಬ್ಬಂದಿಯ ಹೊಣೆ. ನಾವು ಪಕ್ಕದಲ್ಲಿ ನಿಂತು ಚಾದರ ಹಿಡಿಯಬಹುದು.

ನಮ್ಮ ಹೆಣ್ಣುಮಕ್ಕಳೇ ಈ ವಿದ್ಯೆ ಕಲಿತರೆ ಈ ಪ್ರಶ್ನೆ ಇನ್ನೂ ಸುಲಭವಾಗುತ್ತದೆ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಹಝ್ರತ್ ಸಅದ್ ಬಿನ್ ಮುಆದ್(ರ)ರನ್ನು ಉಪಚರಿಸಲು ಕಳುಹಿಸಿದ್ದು ಹಝ್ರತ್ ರುಫೈದಾ(ರ) ಎಂಬ ಅನ್ಸಾರಿ ಮಹಿಳೆಯ ಗುಡಾರಕ್ಕೆ. ಇಂದು ತುರ್ತು ವೈದ್ಯಕೀಯ ತಂತ್ರಜ್ಞರ ವೃತ್ತಿಗೆ 2021ರ ಕೇಂದ್ರ ಕಾಯ್ದೆಯ ಮಾನ್ಯತೆಯಿದೆ. ಪಿಯುಸಿ ಮುಗಿಸಿದ ಮಗಳ ಮುಂದಿನ ದಾರಿ ಯೋಚಿಸುವಾಗ ಇದನ್ನೂ ನೆನಪಿಡಿ.

ಮೂರನೆಯ ಕೈ: ಆಸ್ಪತ್ರೆ

ಸ್ಕೂಟರ್ ಸವಾರನೊಬ್ಬ ಕಾರಿಗೆ ಸಿಕ್ಕಿ ಗಾಯಗೊಂಡಿದ್ದ. ‘ಇದು ಪೊಲೀಸ್ ಕೇಸು, ಬೇರೆ ಆಸ್ಪತ್ರೆಗೆ ಹೋಗಿ’ ಎಂದು ವೈದ್ಯರು ಸುಮಾರು 20 ಕಿ.ಮೀ. ದೂರ ಸಾಗಹಾಕಿದರು. ಅವನು ದಾರಿಯಲ್ಲೇ ಸತ್ತ. ಆ ಪತ್ರಿಕಾ ವರದಿಯಿಂದ ಹುಟ್ಟಿದ ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರ ಆಗಸ್ಟ್ 28ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಸರ್ಕಾರಿಯಿರಲಿ ಖಾಸಗಿಯಿರಲಿ, ಮೊದಲು ಜೀವ ಉಳಿಸಬೇಕು, ಪೊಲೀಸ್ ಕಾಗದಪತ್ರ ಆಮೇಲೆ. 1992ರಲ್ಲಿ ಬಂಗಾಳದ ಕೂಲಿಕಾರನೊಬ್ಬ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದಾಗ, ಹಾಸಿಗೆಯಿಲ್ಲ, ಸೌಲಭ್ಯವಿಲ್ಲ ಎಂದು ಸರ್ಕಾರಿ ಆಸ್ಪತ್ರೆಗಳು ಒಂದರ ಮೇಲೊಂದು ಕೈಬಿಟ್ಟವು. 1996ರಲ್ಲಿ ಕೋರ್ಟ್ ಅದನ್ನು ಬದುಕುವ ಹಕ್ಕಿನ ಉಲ್ಲಂಘನೆಯೆಂದು ಸಾರಿ, ಸರ್ಕಾರದಿಂದ 25,000 ರೂ. ಪರಿಹಾರ ಕೊಡಿಸಿತು.

ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೂ, ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕೆ ಪಟ್ಟು ಹಿಡಿಯಬಾರದೆಂದು 2017ರ ತಿದ್ದುಪಡಿಯಿಂದ ಹೇಳುತ್ತದೆ. 2025ರ ಮೇ ತಿಂಗಳಿನಿಂದ ಕೇಂದ್ರದ ಯೋಜನೆಯಲ್ಲಿ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂ.ವರೆಗಿನ ನಗದುರಹಿತ ಚಿಕಿತ್ಸೆಯಿದೆ. ಮೊದಲ ಒಂದು ಗಂಟೆಯೊಳಗೆ ತೀವ್ರ ಗಾಯಾಳುವನ್ನು ಆಸ್ಪತ್ರೆಗೆ ತಲುಪಿಸಿದವರಿಗೆ 25,000 ರೂ. ಬಹುಮಾನವನ್ನೂ ಸರ್ಕಾರ ಇಟ್ಟಿದೆ. ಸಿಕ್ಕರೆ ಸರಿ, ನಮ್ಮ ನಿಯ್ಯತ್ತು ಅದಾಗದಿರಲಿ.

ಈ ಒಂದು ಗಂಟೆಯ ಬೆಲೆ ನಮ್ಮ ಸೀಮೆಯವರಿಗೆ ಹೆಚ್ಚು ಗೊತ್ತಿರಬೇಕು. ಸಂಡೂರಿನ ಗುಡ್ಡದ ದಾರಿಯಲ್ಲಿ ಅದಿರು ಲಾರಿಗಳ ಸಾಲು. ಹಂಪಿಯಲ್ಲಿ ಪ್ರವಾಸಿಗರು ಇಳಿಯುವ ತುಂಗಭದ್ರೆಯ ಬಂಡೆ, ಸುಳಿಗಳು. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗಿ ಗಂಗಾವತಿಯ ದಾರಿಯೇ ಬಂದ್. ಪೆಟ್ಟು ದೊಡ್ಡದಾದರೆ ಹೊಸಪೇಟೆಯಿಂದಲೂ 60 ಕಿ.ಮೀ. ದಾಟಿ ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಓಡಬೇಕು. ಇಷ್ಟು ದೂರದ ದಾರಿಯಲ್ಲಿ ಮೊದಲ ಹತ್ತು ನಿಮಿಷವನ್ನು ನಾವೇ ಹಾಳು ಮಾಡಿದರೆ ಮುಂದಿನ ಕೈಗಳು ಏನು ಮಾಡಿಯಾವು?

ಸಹೋದರಿಯರೇ, ಈ ಮಾತುಗಳನ್ನು ಇಂದು ರಾತ್ರಿ ದಸ್ತರ್‌ಖಾನಿನ ಮುಂದೆ ಮನೆಯವರಿಗೆಲ್ಲ ಓದಿ ಹೇಳಿ. 108 ಮತ್ತು 112 ಎಂಬ ಎರಡು ನಂಬರುಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿ. ಮಗ ಗಾಡಿ ಹತ್ತುವಾಗ ‘ನಿಲ್ಲಬೇಡ’ ಎನ್ನುವ ಬದಲು, ‘ಯಾರಾದರೂ ಬಿದ್ದಿದ್ದರೆ ನಿಂತು ನೋಡು ಬೇಟಾ, ಫೋನ್ ಮಾಡು, ಆಂಬುಲೆನ್ಸ್ ಬರುವವರೆಗೆ ಬಿಟ್ಟು ಬರಬೇಡ’ ಎಂದು ಹೇಳಿ ಕಳುಹಿಸಿ. ನಾಳೆ ರಸ್ತೆಯಲ್ಲಿ ಬೀಳುವವರು ನಮ್ಮವರೇ ಆಗಿರಬಹುದು. ಅವರ ಪಕ್ಕದಲ್ಲಿ ನಿಲ್ಲುವುದು ಬೇರೊಬ್ಬ ತಾಯಿ ಹೀಗೆ ಹೇಳಿ ಕಳುಹಿಸಿದ ಮಗನೇ.